ಐದು ಗಂಟೆಯ ತಾಟು

ನಮ್ಮ ಮನೆಯಲ್ಲಿ ಎರಡು ಒಲೆಗಳಿದ್ದವು. ಒಂದು ಅಡುಗೆಮನೆಯದು. ಇನ್ನೊಂದು ಬಚ್ಚಲ ಮೂಲೆಯ ಬತ್ತಿ ಸ್ಟೋವು. ಅದರ ಮೇಲೆ ದಿನಾ ಬೆಳಿಗ್ಗೆ ನಾನು ಕುದಿಸುತ್ತಿದ್ದದ್ದು ನನ್ನ ಅತ್ತೆಯ ಮೂತ್ರ.

ಈಗ ಹೇಳಿದರೆ ಕೇಳಿದವರು ನಗುತ್ತಾರೆ. ಆಗ ಬೆರಳಿಗೆ ಸೂಜಿ ಚುಚ್ಚಿ ಮನೆಯಲ್ಲೇ ಸಕ್ಕರೆ ನೋಡುವ ಯಂತ್ರ ನಮ್ಮಂಥವರ ಮನೆಗೆ ಬಂದಿರಲಿಲ್ಲ. ಡಾಕ್ಟರು ಒಂದು ಬಾಟಲಿ ನೀಲಿ ದ್ರಾವಣ, ಒಂದು ಗಾಜಿನ ನಳಿಗೆ, ಅದನ್ನು ಹಿಡಿಯಲು ಒಂದು ಚಿಮಟ ಕೊಟ್ಟಿದ್ದರು. ಒಂದು ಚಮಚ ದ್ರಾವಣಕ್ಕೆ ಎಂಟು ಹನಿ ಬಿಟ್ಟು ಕುದಿಸಬೇಕು. ನೀಲಿ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ ಇದೆ, ಹಳದಿಯಾದರೆ ಜಾಸ್ತಿ. ಇಟ್ಟಂಗಿ ಬಣ್ಣಕ್ಕೆ ತಿರುಗಿದ ದಿನ ನಮ್ಮವರು ಬಚ್ಚಲ ಬಾಗಿಲಲ್ಲಿ ನಿಂತು ನಳಿಗೆಯನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನು ನೋಡುತ್ತಿದ್ದರು. ಅಡುಗೆ ಮಾಡುವವಳು ನಾನಲ್ಲವೇ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಬೆಳಗಾವಿಯ ಶಹಾಪುರದ ಒಂದು ಗಲ್ಲಿಯಲ್ಲಿ ನಮ್ಮ ಮನೆ. ಇದ್ದವರು ಮೂವರೇ: ಅತ್ತೆ, ನಮ್ಮವರು, ನಾನು. ಮಕ್ಕಳಿನ್ನೂ ಆಗಿರಲಿಲ್ಲ. ನಮ್ಮವರಿಗೆ ಮಚ್ಛೆಯ ಒಂದು ಫೌಂಡ್ರಿಯಲ್ಲಿ ಪಾಳಿ ಕೆಲಸ. ಅತ್ತೆ ಖಾನಾಪುರದವರು. ನಾನು ಚಿಕ್ಕೋಡಿ ಕಡೆಯವಳು, ಜೋಳದ ರೊಟ್ಟಿ ತಿಂದು ಬೆಳೆದವಳು. ಖಾನಾಪುರ ಭತ್ತದ ಸೀಮೆ, ಅಲ್ಲಿಯವರಿಗೆ ಅನ್ನ ಉಣ್ಣದಿದ್ದರೆ ಉಂಡಂತೆಯೇ ಅಲ್ಲ. ವರ್ಷಕ್ಕೊಮ್ಮೆ ಅತ್ತೆಯ ಅಣ್ಣ ಅಲ್ಲಿಂದ ಹೊಸ ಅಕ್ಕಿಯ ಚೀಲ ಕಳಿಸುತ್ತಿದ್ದರು. ಆ ಅಕ್ಕಿ ಬೇಯುವಾಗಿನ ಘಮ ನಮ್ಮ ಗಲ್ಲಿಯ ತಿರುವಿನವರೆಗೂ ಹೋಗುತ್ತಿತ್ತು.

ಸಕ್ಕರೆ ಕಾಯಿಲೆ ಅತ್ತೆಗೆ ನಾನು ಬರುವ ಮುಂಚಿನಿಂದಲೂ ಇತ್ತು. ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ಒಂದು ಬೇಸಿಗೆಯಲ್ಲಿ ಚಪ್ಪಲಿಯ ಬಾರು ಕಚ್ಚಿ ಎಡಗಾಲ ಹೆಬ್ಬೆರಳಿಗೆ ಗಾಯವಾಯಿತು. ಒಂದು ತಿಂಗಳಾದರೂ ಮಾಯಲಿಲ್ಲ. ಎರಡನೆಯ ತಿಂಗಳು ಕಪ್ಪಾಗತೊಡಗಿತು. ಡಾಕ್ಟರು ಅತ್ತೆಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ನಮ್ಮಿಬ್ಬರನ್ನು ಒಳಗೆ ಕರೆದರು.

"ಸಕ್ಕರಿ ಇಳೀಲಿಲ್ಲಂದ್ರ ಇದು ಬೆರಳಿಗೆ ನಿಲ್ಲಂಗಿಲ್ಲ. ಕಾಲ ತಗೀಬೇಕಾಗ್ತೈತಿ. ಗುಳಿಗಿ ನಾ ಕೊಡ್ತೇನಿ. ಊಟ ನಿಮ್ಮ ಕೈಯಾಗೈತಿ ನೋಡವಾ" ಎಂದು ನನ್ನ ಕಡೆ ಬೆರಳು ತೋರಿಸಿದರು.

ಅಲ್ಲಿಗೆ ನನ್ನ ಕೈ ಕಟ್ಟಿ ಹಾಕಿದಂತಾಯಿತು. ಆ ಕಾಲು ಉಳಿಯುವುದೂ ಹೋಗುವುದೂ ಇನ್ನು ನನ್ನ ಅಡುಗೆಮನೆಯ ಜವಾಬ್ದಾರಿ.

ಡಾಕ್ಟರು ಒಂದು ಚೀಟಿ ಬರೆದುಕೊಟ್ಟರು. ಅನ್ನ ಬೇಡ, ಸಿಹಿ ಬೇಡ. ರೊಟ್ಟಿ ಹೊತ್ತಿಗೆ ಒಂದೇ. ಹೊಟ್ಟೆ ತುಂಬಲು ತರಕಾರಿ: ಮೂಲಂಗಿ, ಎಲೆಕೋಸು, ಹೂಕೋಸು, ಮೆಂತ್ಯ, ಪಾಲಕ, ಈರುಳ್ಳಿ. ಡಾಕ್ಟರು ಒಳ್ಳೆಯವರು. ಆದರೆ ಚೀಟಿ ಬರೆಯುವಾಗ ನಾವು ಜೈನರೆಂಬುದು ಅವರಿಗೆ ನೆನಪಾಗಲಿಲ್ಲ, ನಮಗೆ ಹೇಳುವ ಧೈರ್ಯವಾಗಲಿಲ್ಲ. ಮೂಲಂಗಿ, ಈರುಳ್ಳಿ ನೆಲದೊಳಗೆ ಬೆಳೆಯುವಂಥವು, ನಮ್ಮ ಮನೆಯ ಹೊಸಿಲು ದಾಟುವಂತಿರಲಿಲ್ಲ. ಕೋಸುಗಳಲ್ಲಿ ಹುಳವಿರುತ್ತದೆ, ಅವೂ ಇಲ್ಲ. ಮಳೆಗಾಲದ ನಾಲ್ಕು ತಿಂಗಳು ಚಾತುರ್ಮಾಸ, ಸೊಪ್ಪಿನಲ್ಲಿ ಸಣ್ಣ ಜೀವಗಳಿರುತ್ತವೆಂದು ಸೊಪ್ಪು ಕೂಡ ಇಲ್ಲ, ಒಗ್ಗರಣೆಗೆ ಕರಿಬೇವೂ ಇಲ್ಲ. ಚೀಟಿಯ ಮೇಲೆ ಒಂದೊಂದನ್ನೇ ಪೆನ್ಸಿಲ್‌ನಿಂದ ಹೊಡೆದು ಹಾಕುತ್ತಾ ಹೋದೆ. ಕೊನೆಗೆ ಡಾಕ್ಟರ ಸಹಿ ಉಳಿಯಿತು.

ಬೆಳಗಾವಿಯ ತರಕಾರಿ ಪೇಟೆಯಲ್ಲಿ ಆ ದಿನಗಳಲ್ಲಿ ಕೋಸಿನ ರಾಶಿ ನನ್ನ ಎದೆಯೆತ್ತರ ಬೀಳುತ್ತಿತ್ತು. ಅದರ ಪಕ್ಕದಲ್ಲಿ ಹಾದು ಹೋಗುವಾಗ ನನಗೆ ಎಂಥ ಹೊಟ್ಟೆಯುರಿ! ದಿನಾ ಒಂದು ಕೋಸು ತುರಿದು ಬೇಯಿಸಿದ್ದರೆ ಅರ್ಧ ಸಮಸ್ಯೆ ಮುಗಿಯುತ್ತಿತ್ತು. ನಾನು ಕತ್ತು ಬಗ್ಗಿಸಿಕೊಂಡು ಮುಂದೆ ಹೋಗಿ ಹಸಿ ಪಪ್ಪಾಯಿ, ಸೋರೆಕಾಯಿ, ಬೂದುಗುಂಬಳ, ಸೌತೆಕಾಯಿ ತರುತ್ತಿದ್ದೆ. ಬಳ್ಳಿಯಲ್ಲೂ ಗಿಡದಲ್ಲೂ ನೇತಾಡುವ ಇವಿಷ್ಟಕ್ಕೆ ಯಾವ ಶಾಸ್ತ್ರದ ತಕರಾರೂ ಇರಲಿಲ್ಲ.

ಇವುಗಳಿಂದಲೇ ನಾನು ಒಂದು ಸುಳ್ಳು ಅಡುಗೆ ಕಟ್ಟಿದೆ. ಹಸಿ ಪಪ್ಪಾಯಿಯ ಸಿಪ್ಪೆ ತೆಗೆದರೆ ಬಿಳಿ ಹಾಲು ಸೋರಿ ಕೈಯೆಲ್ಲ ತುರಿಸುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಸಣ್ಣಗೆ ತುರಿದು, ಬಟ್ಟೆಯಲ್ಲಿ ಕಟ್ಟಿ ಹಿಂಡಿ, ಬಿಸಿ ಬಾಣಲೆಯಲ್ಲಿ ಬಾಡಿಸುತ್ತಿದ್ದೆ. ಸಾಸಿವೆ, ಅರಿಶಿನ, ಹಸಿಮೆಣಸಿನಕಾಯಿಯ ಒಗ್ಗರಣೆ ಕೊಟ್ಟರೆ ನೋಡಲು ತೇಟ್ ಅವಲಕ್ಕಿ. ಬೂದುಗುಂಬಳವನ್ನು ಅಕ್ಕಿ ಕಾಳಿನಷ್ಟು ಸಣ್ಣಗೆ ಕೊಚ್ಚಿ ಆವಿಯಲ್ಲಿ ಬೇಯಿಸಿದರೆ ಅದು ಅನ್ನ. ಸೋರೆಕಾಯಿಯನ್ನು ಎಳೆಎಳೆಯಾಗಿ ಹೆರೆದರೆ ಶಾವಿಗೆ. ಒಂದು ಹಿಡಿ ಜೋಳದ ಹಿಟ್ಟಿಗೆ ಮೂರು ಹಿಡಿ ಸೌತೆಕಾಯಿ ತುರಿ ಸೇರಿಸಿ ತಟ್ಟಿದರೆ ಥಾಲಿಪೀಠ. ಕೊಚ್ಚಿ ಕೊಚ್ಚಿ ನನ್ನ ತೋರುಬೆರಳಿನ ಬದಿ ಗಟ್ಟಿಯಾಗಿಬಿಟ್ಟಿತ್ತು. ಬಿ.ಪಿ. ಇದ್ದುದರಿಂದ ಉಪ್ಪನ್ನೂ ಡಾಕ್ಟರು ಅರ್ಧ ಮಾಡಿದ್ದರು. ನೋಟ ಮಾತ್ರ ಚೆನ್ನಾಗಿರುತ್ತಿತ್ತು. ಪಕ್ಕದ ಮನೆಯವರು ಇಣುಕಿ ನೋಡಿ, "ಸುಮಾರ್ ಬುದ್ಧಿ ಐತಿ ಬಿಡ ನಿನಗ" ಎನ್ನುತ್ತಿದ್ದರು. ನಾನೂ ಒಳಗೊಳಗೆ ಉಬ್ಬುತ್ತಿದ್ದೆ.

ರುಚಿ ನಾನು ನೋಡುತ್ತಿರಲಿಲ್ಲ. ಹಿರಿಯರಿಗೆ ಬಡಿಸುವ ಮುನ್ನ ಅಡುಗೆಯವಳು ಬಾಯಿಗೆ ಹಾಕಿದರೆ ಅದು ಎಂಜಲು. ಈ ಮನೆಗೆ ಕಾಲಿಟ್ಟ ಮೊದಲ ವಾರವೇ ಅತ್ತೆ ಕಲಿಸಿದ್ದ ಪಾಠ. ಉಪ್ಪು, ಖಾರ ಎಲ್ಲ ಕಣ್ಣಳತೆಯಲ್ಲಿ, ಮೂಗಿನ ಅಂದಾಜಿನಲ್ಲಿ. ಅತ್ತೆಯ ತಾಟಿನದು ಮಾಡುತ್ತಿದ್ದದ್ದೇ ಒಬ್ಬರಿಗಾಗುವಷ್ಟು, ಮಿಕ್ಕುತ್ತಿರಲಿಲ್ಲ. ಅವರ ಊಟವಾದ ಮೇಲೆ ನಾನು ನನ್ನದನ್ನು ಉಣ್ಣುತ್ತಿದ್ದೆ.

ಇದೆಲ್ಲ ಅತ್ತೆಗೆ ಹಿಡಿಸಿತೆಂದುಕೊಳ್ಳಬೇಡಿ. ಮೊದಮೊದಲು ತಾಟು ನೋಡಿ ಮೂಗು ಮುರಿಯುತ್ತಿದ್ದರು.

"ಹಿಂಡಲಗಾ ಜೇಲಿನಾಗ ಇದಕ್ಕಿಂತ ಛಲೋ ಊಟ ಕೊಡ್ತಾರಂತ. ಕಳ್ಳತನಾ ಮಾಡಿದವರಿಗೆ!" ಎಂದು ಒಂದು ದಿನ ತಾಟನ್ನು ಬಾಜು ಸರಿಸಿದರು.

"ಹಂಗಂದ್ರ ನಾ ಜೇಲರ್ ಅದೀನೇನ್ರಿ ಅತ್ತಿ?" ಎಂದೆ.

"ಅಲ್ಲಬಿಡವಾ. ನೀನೂ ಒಳಗs ಅದಿ. ಕೀಲಿ ಅಷ್ಟ ನಿನ್ನ ಕೈಯಾಗೈತಿ."

ಖರೇ ಮಾತು. ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ದೀಪ ಹಚ್ಚಿದರೆ ಮುಗಿಯಿತು, ಅತ್ತೆ ನೀರನ್ನೂ ಮುಟ್ಟುತ್ತಿರಲಿಲ್ಲ. ಡಾಕ್ಟರು ರಾತ್ರಿ ಊಟಕ್ಕೆ ಅರ್ಧ ಗಂಟೆ ಮುಂಚೆ ಎಂದು ಬರೆದಿದ್ದ ಗುಳಿಗೆಯನ್ನು ನಾವು ಸಂಜೆಗೆ ತಂದುಕೊಂಡಿದ್ದೆವು. ನಾಲ್ಕೂವರೆಗೆ ಗುಳಿಗೆ, ಐದಕ್ಕೆ ತಾಟು. ಆ ಐದು ಗಂಟೆ ನನ್ನ ಕಾಲಿಗೆ ಕಟ್ಟಿದ ಹಗ್ಗ. ಮಧ್ಯಾಹ್ನ ಎಲ್ಲಿಗೇ ಹೋಗಲಿ, ಮೂರಕ್ಕೆ ತಿರುಗಿ ಬಂದು ತುರಿಯುವ ಮಣೆಯ ಮುಂದೆ ಕೂರಬೇಕು. ನಾನು ಶಿಕ್ಷಕಿಯ ತರಬೇತಿ ಮುಗಿಸಿದ್ದೆ. ಆ ದಿನಗಳಲ್ಲೇ ಹಿಂಡಲಗಾ ಕಡೆಯ ಒಂದು ಖಾಸಗಿ ಶಾಲೆಯಿಂದ ಕರೆ ಬಂತು. ಶಾಲೆ ಬಿಡುವುದು ಐದೂವರೆಗೆ. ಆ ಕಾಗದವನ್ನು ನಮ್ಮವರಿಗೆ ತೋರಿಸಿದೆ. ಅವರು ಓದಿ, ಮಡಚಿ, "ಮತ್ತ ಅವ್ವನ ಊಟ?" ಎಂದರು. ಸಿಟ್ಟಿನಿಂದಲ್ಲ, ಪಾಪ, ನಿಜವಾಗಿಯೂ ತಿಳಿಯದೆ ಕೇಳಿದರು. ಕಾಗದವನ್ನು ಟ್ರಂಕಿನ ತಳಕ್ಕೆ ಹಾಕಿದೆ. ಅವತ್ತು ಸೋರೆಕಾಯಿ ಹೆರೆಯುವಾಗ ಅತ್ತೆಯ ಮೇಲೆ, ಆ ಬೆರಳಿನ ಮೇಲೆ, ಖಾನಾಪುರದ ಸಮಸ್ತ ಗದ್ದೆಗಳ ಮೇಲೆ ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆಯಲಾರೆ.

ಇಷ್ಟಾದರೂ ನಳಿಗೆ ಹಳದಿ, ಇಲ್ಲವೇ ಇಟ್ಟಂಗಿ. ಬೆರಳಿನ ಕಪ್ಪು ಉಗುರಿನಿಂದ ಮೇಲೇರುತ್ತಿತ್ತು. ನನಗೆ ತಲೆ ಕೆಟ್ಟು ಹೋಯಿತು. ಕೊನೆಗೊಂದು ಮಧ್ಯಾಹ್ನ ಕಣ್ಣಾರೆ ಕಂಡೆ. ನಾನು ಮಲಗಿದ್ದೇನೆಂದುಕೊಂಡು ಅತ್ತೆ ಕುಂಟುತ್ತಾ ಅಡುಗೆಮನೆಗೆ ಹೋಗಿ, ನಮ್ಮವರಿಗೆಂದು ಮುಚ್ಚಿಟ್ಟಿದ್ದ ಅನ್ನವನ್ನು ಬೆಲ್ಲ ಹಚ್ಚಿಕೊಂಡು, ನಿಂತುಕೊಂಡೇ, ಅವಸರವಸರವಾಗಿ ತಿನ್ನುತ್ತಿದ್ದರು. ಅರವತ್ತು ದಾಟಿದ ಹೆಂಗಸು, ಸ್ವಂತ ಮನೆಯಲ್ಲಿ ಕಳ್ಳತನ. ನಾನು ಗದರಲಿಲ್ಲ. ಹಾಸಿಗೆಗೆ ಮರಳಿ ಕಣ್ಣು ಮುಚ್ಚಿಕೊಂಡೆ. ಆಮೇಲೆ ಅಕ್ಕಿಯ ಡಬ್ಬಿಗೆ, ಬೆಲ್ಲದ ಡಬ್ಬಿಗೆ ಬೀಗ ಹಾಕಿದೆವು. ಅವರು ಪಕ್ಕದ ಮನೆಗೆ ಹೋಗಿ ಉಂಡು ಬಂದರು.

ಆಗ ನನಗೊಂದು ಉಪಾಯ ಹೊಳೆಯಿತು. ಮಗನ ಮಾತು ಮೀರುವ, ಡಾಕ್ಟರ ಕಣ್ಣಿಗೆ ಮಣ್ಣೆರಚುವ ಅತ್ತೆ ಒಂದನ್ನು ಮಾತ್ರ ಎಂದೂ ಮೀರಿರಲಿಲ್ಲ: ತೆಗೆದುಕೊಂಡ ನೇಮ. ನಮ್ಮಲ್ಲಿ ಸಾಧುಗಳ ಮುಂದೆ ನಿಂತು ಇಂಥದ್ದನ್ನು ಇಷ್ಟು ದಿನ ಬಿಡುತ್ತೇನೆ ಎಂದು ನೇಮ ತೆಗೆದುಕೊಳ್ಳುವ ರೂಢಿ. ಕೆಲವರು ಹೇಗೂ ತಮಗೆ ಸೇರದ ಹಾಗಲಕಾಯಿಯನ್ನೇ ಬಿಟ್ಟು ಪುಣ್ಯ ಕಟ್ಟಿಕೊಳ್ಳುತ್ತಾರೆ. ಅತ್ತೆ ಹಾಗಲ್ಲ. ಒಮ್ಮೆ ತುಪ್ಪ ಬಿಟ್ಟಿದ್ದಾಗ, ಬೇಳೆಗೆ ತಪ್ಪಿ ಒಂದು ಹನಿ ಬಿದ್ದಿತೆಂದು ಇಡೀ ದಿನ ಉಪವಾಸ ಕೂತಿದ್ದರಂತೆ.

ಆ ಮಳೆಗಾಲ ನಮ್ಮ ಬಸದಿಯಲ್ಲಿ ವಯಸ್ಸಾದ ಒಬ್ಬ ಮಾತಾಜಿ, ಎಂದರೆ ಜೈನ ಸನ್ಯಾಸಿನಿ, ನಾಲ್ಕು ತಿಂಗಳು ತಂಗಿದ್ದರು. ನಾನು ಅತ್ತೆಯ ಕಾಲು ಒತ್ತುತ್ತಾ ಬೆಣ್ಣೆಯಂತೆ ಮಾತಾಡಿದೆ. "ಅತ್ತಿ, ಡಾಕ್ಟರ್ ಬಿಡ ಅಂದದ್ದನ್ನ ಬಿಟ್ರ ಅದು ಬರೇ ಪಥ್ಯ. ಅದನ್ನs ಮಾತಾಜಿ ಮುಂದ ಬಿಟ್ರ ತ್ಯಾಗ. ಒಂದ ವರ್ಷದ ಮಟ್ಟಿಗೆ ನೋಡ್ರಿ."

ಮರುದಿನ ಅತ್ತೆ ಬಿಳಿ ಸೀರೆಯುಟ್ಟು, ನನ್ನ ಭುಜ ಹಿಡಿದುಕೊಂಡು ಬಸದಿಗೆ ಬಂದರು. ಮಾತಾಜಿಯವರ ಮುಂದೆ ಕೈ ಮುಗಿದು, "ಅಕ್ಕಿ, ಸಕ್ಕರಿ, ಬೆಲ್ಲ, ಎಲ್ಲಾ ಸಿಹಿ ಬಿಟ್ಟೇನ್ರಿ. ಜೀವ ಇರೂತನಕ" ಎಂದರು.

ಒಂದು ವರ್ಷ ಎಂದು ನಾನು ಅವರ ಸೆರಗು ಜಗ್ಗಿದೆ. ಅವರು ಸೆರಗು ಬಿಡಿಸಿಕೊಂಡರು.

ಮೂರು ತಿಂಗಳಲ್ಲಿ ಬೆರಳು ಮಾಯಿತು. ಡಾಕ್ಟರು ನನ್ನ ಬೆನ್ನು ತಟ್ಟುವುದೊಂದು ಬಾಕಿ. ನಳಿಗೆಯಲ್ಲಿ ಬಹುಪಾಲು ನೀಲಿ, ಹೆಚ್ಚೆಂದರೆ ತಿಳಿ ಹಸಿರು. ಡಬ್ಬಿಗಳ ಬೀಗ ತೆಗೆದೆ. ಅತ್ತೆಯೇ, "ನೀವು ಉಣ್ರಿ. ನನಗಿನ್ನ ಅದರ ಹಂಗಿಲ್ಲ" ಎಂದರು. ನಾನು ಅವರೆದುರೇ ಖಾನಾಪುರದ ಅನ್ನಕ್ಕೆ ತುಪ್ಪ ಹಾಕಿಕೊಂಡು ಉಂಡೆ, ದಿನಾ. ಅವರು ನನ್ನ ಪಪ್ಪಾಯಿ ಅವಲಕ್ಕಿಯನ್ನು ಒಂದೆಳೆ ಬಿಡದೆ ತಿಂದು, ನಮ್ಮಲ್ಲಿಯ ರೂಢಿಯಂತೆ ತಾಟು ತೊಳೆದ ನೀರನ್ನೂ ಕುಡಿದು, "ಛಲೋ ಆಗೇತಿ" ಎಂದು ಏಳುತ್ತಿದ್ದರು. ದಿನಾ ಅದೇ ಮಾತು. ಅಂತೂ ನನ್ನ ಕೈ ಪಳಗಿತು ಎಂದುಕೊಂಡೆ.

ಡಾಕ್ಟರು ಒಂದು ಎಚ್ಚರಿಕೆ ಹೇಳಿದ್ದರು. ಗುಳಿಗೆ ನುಂಗಿ ಊಟ ತಪ್ಪಿದರೆ ಸಕ್ಕರೆ ವಿಪರೀತ ಇಳಿದು ಬೆವರು, ನಡುಕ ಬರುತ್ತದೆ, ಮೈಮರೆಯುತ್ತಾರೆ, ಜೀವಕ್ಕೇ ಅಪಾಯ. ಆಗ ತಕ್ಷಣ ಸಿಹಿ ಕೊಡಬೇಕು. ಅದಕ್ಕೆ ನನ್ನ ಕೈಚೀಲದಲ್ಲಿ ಸಕ್ಕರೆಯ ಒಂದು ಪುಡಿಕೆ ಇಟ್ಟುಕೊಂಡಿದ್ದೆ. ಅತ್ತೆ ಅದನ್ನು ಕಂಡು ಇರುವೆಗಳಿಗೆ ಹಾಕಿಸಿದರು. "ನೇಮ ಹಿಡಿದಾಕೀ ಬಾಜೂ ಸಕ್ಕರಿ ಯಾಕ ಇಟಗೊಂಡ ಅಡ್ಡಾಡ್ತಿ?" ನನಗೂ ಅದು ಬೇಕಿಲ್ಲವೆನಿಸಿತು. ಎಲ್ಲ ಅಷ್ಟು ಸುಸೂತ್ರವಾಗಿತ್ತು.

ಹೀಗೆ ಎರಡು ವರ್ಷ ಕಳೆಯಿತು. ಮತ್ತೆ ಮಳೆಗಾಲ. ಖಾನಾಪುರದಲ್ಲಿ ಅತ್ತೆಯ ಅಣ್ಣನ ಮನೆಯಲ್ಲಿ ಒಂದು ವ್ರತದ ಉದ್ಯಾಪನೆ. ನಮ್ಮವರಿಗೆ ಪಾಳಿ ಇತ್ತು, ಅತ್ತೆ ಮತ್ತು ನಾನು ಬೆಳಗಿನ ಬಸ್ಸಿಗೆ ಹೋದೆವು. ಅತ್ತೆಯ ಮಧ್ಯಾಹ್ನದ ಊಟವನ್ನು ಡಬ್ಬಿಯಲ್ಲಿ ಕಟ್ಟಿಕೊಂಡು ಹೋಗಿದ್ದೆ. ಎಲ್ಲರ ಎಲೆಯಲ್ಲಿ ಹೋಳಿಗೆ, ಅನ್ನ, ಕಟ್ಟಿನ ಸಾರು. ಅತ್ತೆ ತವರಿನ ಪಂಕ್ತಿಯಲ್ಲಿ ಕೂತು ಡಬ್ಬಿಯ ಥಾಲಿಪೀಠ ತಿಂದರು. ಅಣ್ಣನ ಹೆಂಡತಿ ಎರಡು ಸಲ ಕಣ್ಣೊರೆಸಿಕೊಂಡರು.

ಮೂರಕ್ಕೆ ಹೊರಟು ಬಸ್ ಸ್ಟ್ಯಾಂಡಿಗೆ ಬಂದೆವು. ನಾಲ್ಕರ ಬಸ್ಸು ಹಿಡಿದರೆ ಐದರ ಸುಮಾರಿಗೆ ಮನೆ. ಮಧ್ಯಾಹ್ನದಿಂದ ಹಿಡಿದ ಮಳೆ ಬಿಟ್ಟಿರಲಿಲ್ಲ. ನಾಲ್ಕೂವರೆಯಾದರೂ ಬಸ್ಸಿಲ್ಲ. ದಾರಿಯ ಮೇಲೆ ನೀರು ಬಂದಿದೆ, ಇನ್ನು ನಾಳೆಯೇ ಎಂದು ಕಂಟ್ರೋಲರ್ ಮರಾಠಿಯಲ್ಲಿ ಕೂಗಿ ಹೇಳಿದ. ತೊಯ್ದುಕೊಂಡು ಅಣ್ಣನ ಮನೆಗೆ ಮರಳಿದೆವು. ಒಳಗೆ ಕಾಲಿಡುತ್ತಲೇ ಗೋಡೆಯ ಗಡಿಯಾರ ನೋಡಿದೆ. ಐದು. ಕೈ ತಾನಾಗಿಯೇ ಚೀಲಕ್ಕೆ ಹೋಯಿತು. ತಡವಾಯಿತೆಂದು ಅತ್ತೆಗೆ ಗುಳಿಗೆ ಕೊಟ್ಟೆ. ಆ ಮೇಲೆ ಊಟ ಎಲ್ಲಿದೆ ಎಂದು ನೋಡಲು ಹೋದೆ.

ಇದೇ ನಾನು ಮಾಡಿದ ತಪ್ಪು. ಎರಡು ವರ್ಷದ ಅಭ್ಯಾಸ, ಗುಳಿಗೆ ಮೊದಲು, ತಾಟು ಆಮೇಲೆ.

ಅಡುಗೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಳೆಗೆ ಸಿಕ್ಕಿಬಿದ್ದ ನೆಂಟರಿಗೆಲ್ಲ ಹೊತ್ತು ಮುಳುಗುವುದರೊಳಗೆ ಬಡಿಸುವ ಗಡಿಬಿಡಿ. ಮಾಡಿಟ್ಟದ್ದೆಲ್ಲ ಅನ್ನ, ಹೋಳಿಗೆ. ಜೋಳದ ಹಿಟ್ಟು ಆ ಮನೆಯಲ್ಲಿ ಇರಲೇ ಇಲ್ಲ. ಒಂದು ಸೋರೆಕಾಯಿ ಸಿಕ್ಕಿತು. ಒಲೆ ನನ್ನ ಕೈಗೆ ಬರುವಾಗ ಆರು ಗಂಟೆ. ಹಸಿ ಕಟ್ಟಿಗೆ ಹೊಗೆಯಾಡಿತೇ ಹೊರತು ಹೊತ್ತಿಕೊಳ್ಳಲಿಲ್ಲ. ನಾನು ಊದುತ್ತಲೇ ಇದ್ದೆ. ಒಂದು ಲೋಟ ಹಾಲು ಕೊಟ್ಟಿದ್ದರೂ ಆಗುತ್ತಿತ್ತು. ಹೊಳೆಯಲಿಲ್ಲ. ತಾಟು ಎಂದರೆ ನಾನು ತುರಿದು, ಹಿಂಡಿ, ಒಗ್ಗರಣೆ ಕೊಟ್ಟ ತಾಟೇ ಆಗಬೇಕು ಎಂದು ಕೂತಿತ್ತು ನನ್ನ ತಲೆಯಲ್ಲಿ.

ಸೋರೆಕಾಯಿ ಇನ್ನೂ ಅರೆಬೆಂದಿರುವಾಗ ಹೊರಗೆ ಪಡಸಾಲೆಯಲ್ಲಿ ಬೆಳಕು ಕಂಡಿತು. ಮೋಡದಿಂದಾಗಿ ಮನೆಯೊಳಗೆ ಕತ್ತಲಾಗಿತ್ತು. ಅತ್ತೆಯ ಅಣ್ಣ ದೀಪ ಹಚ್ಚಿದ್ದರು.

ಓಡಿ ಹೋದೆ. "ಮಾವಾರ, ಇನ್ನೂ ಇಪ್ಪತ್ತ ಮಿನಿಟ್ ಐತ್ರಿ ಹೊತ್ತ ಮುಳಗಾಕ! ಗಡಿಯಾರ ನೋಡ್ರಿ!"

"ದೀಪ ಹಚ್ಚಿದ ಮ್ಯಾಲ ಗಡಿಯಾರದ್ದೇನ ಕೆಲಸಾ?" ಎಂದರು ಅವರು. ಒಳ್ಳೆಯ ಮನುಷ್ಯ, ಯಾರಿಗೂ ಕೆಟ್ಟದ್ದು ಬಗೆದವರಲ್ಲ. ಅತ್ತೆಯೂ ನನ್ನ ಕೈಯ ತಾಟು ನೋಡಿ, "ಇರಲಿ ಬಿಡ, ಮುಂಜಾನೆ ಉಂಡರಾತು" ಎಂದು ಗೋಡೆಗೆ ಒರಗಿದರು.

ಗುಳಿಗೆ ನುಂಗಿದ್ದಾರೆ ಎಂದು ಅಣ್ಣನಿಗೆ ಹೇಳಿದೆ, ಅವರ ಹೆಂಡತಿಗೆ ಹೇಳಿದೆ. ಗುಳಿಗೆ ನುಂಗಿದರೆ ಒಳ್ಳೆಯದಾಗಬೇಕಲ್ಲ ಎಂದು ಅವರು ನನ್ನ ಮುಖ ನೋಡಿದರು. ಊರ ಡಾಕ್ಟರ ಮನೆ ಹೊಳೆಯಾಚೆ. ನಾನು ಅತ್ತೆಯ ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡೆ. ಹಿಡಿದದ್ದು ಪ್ರೀತಿಯಿಂದಲ್ಲ, ನಡುಕ ಶುರುವಾಯಿತೇ ಎಂದು ನೋಡಲು.

ಏಳೂವರೆಯ ಹೊತ್ತಿಗೆ ಶುರುವಾಯಿತು. ಆ ಥಂಡಿಯಲ್ಲಿ ಅವರ ಹಣೆಯ ಮೇಲೆ ಬೆವರು. ಅಂಗೈ ತಣ್ಣಗೆ, ಒದ್ದೆ. ಮಾತು ತೊದಲಿತು. ನನ್ನನ್ನು ತಮ್ಮ ಸತ್ತ ತಂಗಿ ಎಂದು ತಿಳಿದು ಏನೋ ಕೇಳಿದರು. ನಾನು ಎದ್ದು ಅಡುಗೆಮನೆಗೆ ಹೋಗಿ, ಹೋಳಿಗೆಗೆಂದು ಒಡೆದಿಟ್ಟಿದ್ದ ಬೆಲ್ಲವನ್ನು ಹಿಡಿಯಷ್ಟು ತೆಗೆದು ಬಿಸಿನೀರಲ್ಲಿ ಕದಡಿದೆ. ಬಟ್ಟಲು ಹಿಡಿದು ಬಂದರೆ ಅಣ್ಣ ನಡುವೆ ನಿಂತಿದ್ದರು.

"ಬ್ಯಾಡವಾ. ನೇಮ ಐತಿ. ಅದೂ ರಾತ್ರಿ. ಆಕೀ ಜೀವಾ ಇರೂತನಕ ಅಂದಾಳ."

"ಜೀವಾ ಹೊಂಟೇತ್ರಿ ಮಾವಾರ!" ಎಂದು ನಾನು ಕಿರುಚಿದೆ. ಸೊಸೆಯೊಬ್ಬಳು ಆ ಮನೆಯಲ್ಲಿ ಹಾಗೆ ದನಿಯೆತ್ತಿದ್ದು ಅದೇ ಮೊದಲಿರಬೇಕು. ಪಡಸಾಲೆಯ ತುಂಬ ಇದ್ದ ನೆಂಟರೆಲ್ಲ ಎದ್ದು ನಿಂತರು. ಯಾರೂ ಮುಂದೆ ಬರಲಿಲ್ಲ, ಯಾರೂ ನನ್ನನ್ನು ತಡೆಯಲೂ ಇಲ್ಲ.

ಅಣ್ಣನ ತೋಳಿನ ಕೆಳಗಿಂದ ನುಸುಳಿ ಅತ್ತೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಹಲ್ಲು ಕಚ್ಚಿಕೊಂಡಿದ್ದವು. ಚಮಚವನ್ನು ತುಟಿಗೆ ಒತ್ತಿದೆ. ಮೊದಲ ಚಮಚ ಗಲ್ಲದ ಮೇಲೆ ಹರಿದು ಹೋಯಿತು. ಎರಡನೆಯದೂ ಹೋಯಿತು. ಮೂರನೆಯದು ಒಳಗೆ ಇಳಿಯಿತು. ನಾನು ಗೆದ್ದೆ ಎಂದುಕೊಂಡೆ. ಅರ್ಧ ಬಟ್ಟಲು ಮುಗಿದ ಮೇಲೆ ಬೆವರು ನಿಂತಿತು. ಅತ್ತೆ ಕಣ್ಣು ತೆರೆದು ನನ್ನನ್ನು, ನನ್ನ ಕೈಯ ಬಟ್ಟಲನ್ನು, ಅಣ್ಣನನ್ನು ನೋಡಿದರು. ಆಮೇಲೆ ಗೋಡೆಯ ಕಡೆ ಹೊರಳಿ ಮಲಗಿದರು.

ಮರುದಿನ ಬಸ್ಸು ಹಿಡಿದು ಬೆಳಗಾವಿಗೆ ಬಂದೆವು. ಅತ್ತೆ ಮನೆಗೆ ಬಂದವರೇ ಸ್ನಾನ ಮಾಡಿ, "ಬಸದಿಗೆ ನಡಿ" ಎಂದರು. ಅವರ ನೇಮ ನನ್ನ ಉಪಾಯ, ಅದನ್ನು ಮುರಿದದ್ದೂ ನನ್ನ ಕೈ. ದಾರಿಯುದ್ದಕ್ಕೂ ಎಲ್ಲ ಹೇಳಿಬಿಡಬೇಕು ಎಂದು ಬಾಯಿಪಾಠ ಮಾಡುತ್ತಾ ಹೋದೆ: ತಪ್ಪು ನನ್ನದು, ಅವರದೇನೂ ಇಲ್ಲ, ಶಿಕ್ಷೆ ನನಗೆ ಕೊಡಿ.

ಆ ವರ್ಷ ಬಂದಿದ್ದ ಮಾತಾಜಿ ಬೇರೆಯವರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕೈ ಮುಗಿದರು.

"ನೇಮ ಮುರದೇನ್ರಿ."

"ಅವರಲ್ರಿ, ನಾನು..." ಎಂದೆ.

ಅತ್ತೆ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದರು. "ಆಕೀ ಬರೇ ಚಮಚಾ ಹಿಡದಿದ್ಲು. ನಾ ಹಲ್ಲ ಕಚಗೊಂಡs ಇದ್ದರ ಆಕೀ ಕೈಲೆ ಏನ ಆಗ್ತಿತ್ತು? ಎಚ್ಚರಾ ಇತ್ರಿ ನನಗ. ಬೆಲ್ಲಾ ಅಂತ ತುಟಿಗೆ ಹತ್ತಿದ ಕೂಡ್ಲೆ ಗೊತ್ತಾತು. ನಾನs ಬಾಯಿ ತಗದೆ."

ಮಾತಾಜಿ ಎಲ್ಲ ಕೇಳಿದರು. ಕಾಯಿಲೆ ಏನು, ಗುಳಿಗೆ ಯಾವಾಗ ಎಂದೂ ಕೇಳಿದರು. ಕೊನೆಗೆ, ಔಷಧಿಗೆ ನೇಮ ಅಡ್ಡಿಯಲ್ಲ, ಹಾಗೆ ಜೀವ ಹೋಗುವ ಹೊತ್ತಿಗೆ ಬೆಲ್ಲವೂ ಔಷಧಿಯೇ, ಹೊತ್ತು ಯಾವುದಾದರೂ ಸರಿ ಎಂದರು. ಪ್ರಾಯಶ್ಚಿತ್ತಕ್ಕೆ ದಿನಾ ಒಂದು ಮಾಲೆ ಜಪ ಹೇಳಿದರು. ಉಪವಾಸ ಕೂಡದು ಎಂದು ಎರಡು ಸಲ ಹೇಳಿದರು. ಉಳಿದ ನೇಮ ಇದ್ದಂತೆಯೇ ಇರುತ್ತದೆ ಎಂದು ಅತ್ತೆ ತಾವಾಗಿಯೇ ಹೇಳಿ ಎದ್ದರು.

ಹೊರಗೆ ಮೆಟ್ಟಿಲಿಳಿಯುವಾಗ ಅತ್ತೆ ನನ್ನ ಭುಜದ ಮೇಲೆ ಕೈಯಿಟ್ಟರು. ಸ್ವಲ್ಪ ದೂರ ನಡೆದ ಮೇಲೆ, ಗುಟ್ಟು ಹೇಳುವವರಂತೆ, "ಎರಡ ವರ್ಷ ಆಗಿತ್ತ ನೋಡ. ಭಾಳ ರುಚಿ ಇತ್ತು" ಎಂದರು. ನಾನು ನಡು ಬೀದಿಯಲ್ಲೇ ಅತ್ತುಬಿಟ್ಟೆ. ಎಲ್ಲಿಯೂ ಹೋಗಲಾಗದೆ ನಾನೊಬ್ಬಳೇ ಸಿಕ್ಕಿಬಿದ್ದಿದ್ದೇನೆ ಎಂದು ಎರಡು ವರ್ಷದಿಂದ ಕುದಿಯುತ್ತಿದ್ದೆನಲ್ಲ, ನನ್ನ ಪಕ್ಕದಲ್ಲೇ ಈ ಹೆಂಗಸು ತನ್ನ ನಾಲಿಗೆಯನ್ನು ಕಟ್ಟಿಕೊಂಡು ಕೂತಿದ್ದರು. ಕಟ್ಟಿದ ಹಗ್ಗ ಹೊಸೆದವಳು ನಾನು.

ಮನೆಗೆ ಬರುವಾಗ ಮೂರು ಗಂಟೆ. ಪಪ್ಪಾಯಿ ತೆಗೆದುಕೊಂಡು ತುರಿಯುವ ಮಣೆಯ ಮುಂದೆ ಕೂತೆ. ಬೇರೆ ಏನು ಮಾಡಲಿ? ಐದು ಗಂಟೆ ಯಾರಿಗೂ ಕಾಯುವುದಿಲ್ಲ. ಆದರೆ ಅವತ್ತು ಎರಡು ಪಪ್ಪಾಯಿ ತುರಿದೆ. ಐದಕ್ಕೆ ಎರಡು ತಾಟು ಹಾಕಿದೆ. ತಾಟು ಮುಂದಿಟ್ಟು, ಆಮೇಲೆ ಗುಳಿಗೆ ಕೊಟ್ಟೆ. ಅರ್ಧ ಗಂಟೆ ಇಬ್ಬರೂ ಎದುರುಬದುರು ಕಾಯುತ್ತಾ ಕೂತೆವು. ಅತ್ತೆ ಎರಡನೆಯ ತಾಟನ್ನು ನೋಡಿದರು, ಯಾರಿಗೆ ಎಂದು ಕೇಳಲಿಲ್ಲ.

ಅವರು ಮೊದಲ ತುತ್ತು ತಿಂದ ಮೇಲೆ ನಾನು ನನ್ನದನ್ನು ಬಾಯಿಗಿಟ್ಟೆ. ಎರಡು ವರ್ಷದಲ್ಲಿ ಅದೇ ಮೊದಲ ಸಲ.

ಅದು ಅವಲಕ್ಕಿಯಾಗಿರಲಿಲ್ಲ. ಹಸಿ ಕಾಯಿಯ ಒಗರು, ಅದರ ಹಾಲಿನ ವಾಸನೆ ಹಾಗೆಯೇ ಇತ್ತು. ಎಷ್ಟು ಅಗಿದರೂ ನಾರು ನುಣ್ಣಗಾಗಲಿಲ್ಲ. ಉಪ್ಪು ಇದೆಯೋ ಇಲ್ಲವೋ ತಿಳಿಯಲಿಲ್ಲ. ತಣ್ಣಗಾದ ಎಣ್ಣೆ ನಾಲಿಗೆಗೆ ಮೆತ್ತಿಕೊಂಡಿತು. ಗಂಟಲಿನಿಂದ ಇಳಿಯಲೊಲ್ಲದು. ಉಗುಳಿಬಿಡಬೇಕೆನಿಸಿತು. ಪಕ್ಕದ ಮನೆಯವರು ಹೊಗಳಿದ, ನಾನು ಉಬ್ಬಿದ ನನ್ನ ಅಡುಗೆ ಇದು.

ಅತ್ತೆ ತಾಟಿನಿಂದ ತಲೆಯೆತ್ತಲಿಲ್ಲ. ಒಂದೆಳೆ ಬಿಡದೆ ಬಳಿಯುತ್ತಾ ಕೇಳಿದರು:

"ಹೆಂಗ ಆಗೇತಿ?"

ನಾನು ಬಾಯಲ್ಲಿದ್ದದ್ದನ್ನು ನುಂಗಿದೆ.

"ಛಲೋ ಆಗೇತ್ರಿ" ಎಂದೆ.